ಟ್ಯೂನ್ ಜೊತೆಗೆ ಅದರ ಕತೆಯೂ ಉಳಿಯಲಿ

ಮಾನ್ಯ ಸಂಪಾದಕರೇ,

ನಾನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸ್. ನನ್ನಂತೆ ಇಲ್ಲಿನ ಹಳ್ಳಿಗಾಡಿನಲ್ಲಿ ಕೆಲಸ ಮಾಡುವ ಕನ್ನಡಿಗರು ನಿಮ್ಮ ಪತ್ರಿಕೆ ಓದುತ್ತಾರೆ. ಅವರಿಗಾಗಿ ಈ ಪತ್ರ.

ಕಳೆದ ವರ್ಷ ನಮ್ಮಲ್ಲಿದ್ದ ಹಿರಿಯರೊಬ್ಬರು ತೀರಿಕೊಂಡರು. ಕುರಿಗಳ ಉಣ್ಣೆ ಕತ್ತರಿಸಿ ಬದುಕಿದವರು. ದಿಂಬಿನ ಕೆಳಗೆ ಯಾವಾಗಲೂ ಒಂದು ಮೌತ್ ಆರ್ಗನ್ ಇರುತ್ತಿತ್ತು. ಮಾತ್ರೆ ಕೊಡಲು ಹೋದರೆ ವಾಲ್ಟ್ಸ್ ಎಂಬ ಕುಣಿತದ ಒಂದು ಟ್ಯೂನ್ ನುಡಿಸಿ, "ಇದು ನಮ್ಮ ಅತ್ತೆಯದು" ಅನ್ನುತ್ತಿದ್ದರು. ಆ ಅತ್ತೆ ಯಾರು, ಅವರು ಯಾರಿಂದ ಕಲಿತರು ಎಂದು ನಾನು ಕೇಳಲೇ ಇಲ್ಲ. ಡ್ಯೂಟಿಯ ಅವಸರ. ಅವರನ್ನು ಕೇಳಿ ಫೋನಿನಲ್ಲಿ ಎರಡು ಸಲ ರೆಕಾರ್ಡ್ ಮಾಡಿಕೊಂಡೆ, ಅಷ್ಟೇ. ಈಗ ನನ್ನ ಹತ್ತಿರ ಟ್ಯೂನ್ ಇದೆ, ಅದರ ಹಿಂದಿನ ಮನೆತನ ಹೇಳುವವರಿಲ್ಲ.

ಇವರಂಥ ಹಳ್ಳಿ ವಾದ್ಯಗಾರರಲ್ಲಿ ಎಷ್ಟೋ ಜನ ಸ್ವರಲಿಪಿ ಓದಿದವರಲ್ಲ. ಕಿವಿಯಿಂದ ಕಿವಿಗೆ ಕಲಿತವರು. ಎಷ್ಟೋ ಟ್ಯೂನ್‌ಗಳಿಗೆ ಬೇರೆ ಹೆಸರೇ ಇಲ್ಲ, ನುಡಿಸಿದವರ ಹೆಸರೇ ಅದರ ಹೆಸರು. ಉಣ್ಣೆ ಶೆಡ್‌ಗಳಲ್ಲಿ, ಊರ ಹಾಲ್‌ಗಳಲ್ಲಿ ಬೆಳಗಿನ ಜಾವದ ತನಕ ಪೋಲ್ಕಾ, ಮಜುರ್ಕಾ, ವಾರ್ಸೋವಿಯಾನಾ ಕುಣಿತ. ಪಾದ ಜಾರಲೆಂದು ನೆಲಕ್ಕೆ ಮೇಣದ ಬತ್ತಿ ಹೆರೆದು ಉದುರಿಸುತ್ತಿದ್ದರು. ಮಕ್ಕಳನ್ನು ಗೋಣಿಚೀಲದ ಮೇಲೆ ಕೂರಿಸಿ ಎಳೆದರೆ ನೆಲ ಫಳಫಳ! ಆಮೇಲೆ ಅದೇ ಮಕ್ಕಳು ಬೆಂಚಿನ ಕೆಳಗೆ ನಿದ್ದೆ. ಇದೆಲ್ಲ ಗೊತ್ತಿಲ್ಲದಿದ್ದರೆ ಟ್ಯೂನ್ ಸುಮ್ನೆ ಒಂದು ಟ್ಯೂನ್, ಅಲ್ವಾ?

ಇಲ್ಲಿನ ಜನಪದ ಹಾಡು, ಟ್ಯೂನ್ ಸಂಗ್ರಹಿಸಿದ ಜಾನ್ ಮೆರೆಡಿತ್ ಇದನ್ನು ಅರಿತಿದ್ದರು. ಸ್ವತಃ ಬಟನ್ ಅಕಾರ್ಡಿಯನ್ (ಗುಂಡಿ ಒತ್ತಿ ನುಡಿಸುವ ತಿದಿವಾದ್ಯ) ನುಡಿಸುತ್ತಿದ್ದ ಅವರು 1950ರ ದಶಕದಲ್ಲಿ ಭಾರದ ಟೇಪ್ ರೆಕಾರ್ಡರ್ ಹೊತ್ತು ಹಿರಿಯರ ಮನೆಗಳಿಗೆ ಹೋದರು. ಲಿತ್‌ಗೋ ಊರಿನ ಹಾಡುಗಾರ್ತಿ ಸ್ಯಾಲಿ ಸ್ಲೋನ್ ಅವರೊಬ್ಬರಿಂದಲೇ ನೂರಕ್ಕೂ ಜಾಸ್ತಿ ಹಾಡು, ಟ್ಯೂನ್ ಸಿಕ್ಕವು. ಸ್ಯಾಲಿಯವರ ಅಜ್ಜಿ ಐರ್ಲೆಂಡಿನಿಂದ ತಂದದ್ದು ತಾಯಿಗೆ, ತಾಯಿಯಿಂದ ಅವರಿಗೆ ಬಂದಿತ್ತು. ಆ ಸರಪಳಿ ನಮಗೆ ಗೊತ್ತಿರುವುದು ಯಾರೋ ಕೂತು ಕೇಳಿದ್ದರಿಂದ. ಫೋರ್ಬ್ಸ್ ಊರಿನ ರಾಬ್ ವಿಲ್ಲಿಸ್ ಕೂಡ ದಶಕಗಳಿಂದ ಇದೇ ಕೆಲಸ ಮಾಡಿದವರು. ಇಬ್ಬರ ಧ್ವನಿಮುದ್ರಣಗಳೂ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಹಲವನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಕೇಳಬಹುದು.

ಆದರೆ ಮನೆಗಳ ಅಟ್ಟದಲ್ಲಿರುವ ಕ್ಯಾಸೆಟ್‌ಗಳು? ಟೇಪುಗಳನ್ನು 2025ರೊಳಗೆ ಡಿಜಿಟಲ್ ಮಾಡದಿದ್ದರೆ ಕಳೆದುಕೊಳ್ಳುತ್ತೇವೆ ಎಂದು ಇಲ್ಲಿನ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ ಮುಂಚೆಯೇ ಎಚ್ಚರಿಸಿತ್ತು. ಟೇಪು ಹಾಳಾಗುವುದು ಒಂದು ಕಡೆ, ಅದನ್ನು ನುಡಿಸುವ ಯಂತ್ರ, ರಿಪೇರಿ ಬಲ್ಲವರು ಇಲ್ಲವಾಗುವುದು ಇನ್ನೊಂದು ಕಡೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ನೀವು ನೋಡಿಕೊಳ್ಳುವ ಅಜ್ಜ ಅಜ್ಜಿ ಏನಾದರೂ ನುಡಿಸಿದರೆ, ಗುನುಗಿದರೆ, ಅವರ, ಮನೆಯವರ ಮತ್ತು ಸಂಸ್ಥೆಯ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಆಮೇಲೆ ಫೋನ್ ಆಫ್ ಮಾಡಬೇಡಿ. ಯಾರು ಕಲಿಸಿದರು, ಯಾವ ಹಾಲ್‌ನಲ್ಲಿ ನುಡಿಸಿದ್ದು, ಯಾರು ಕುಣಿಯುತ್ತಿದ್ದರು, ಕೇಳಿ. ಅಟ್ಟದ ಕ್ಯಾಸೆಟ್ ಎಸೆಯಬೇಡಿ ಎಂದು ಅವರ ಮಕ್ಕಳಿಗೆ ಹೇಳಿ. ಇಂಗ್ಲಿಷ್ ಉಚ್ಚಾರಣೆ ಬಗ್ಗೆ ಸಂಕೋಚ ಬೇಡ. ನಮ್ಮಂಥ ಹೊರಗಿನವರು ಕೇಳಿದರೆ ಅವರು ಇನ್ನೂ ಬಿಡಿಸಿ ಹೇಳುತ್ತಾರೆ. ಇದು ನನ್ನ ಅನುಭವ.

ಈಗ ನಮ್ಮಲ್ಲಿ ಬಟನ್ ಅಕಾರ್ಡಿಯನ್ ನುಡಿಸುವ ಅಜ್ಜಿಯೊಬ್ಬರಿದ್ದಾರೆ. ಅವರ ಮಗಳು ಒಪ್ಪಿದ್ದಾರೆ. ಭಾನುವಾರ ನನಗೆ ರಜೆ, ಮಧ್ಯಾಹ್ನ ಅವರ ಜೊತೆ ಕೂರುತ್ತಿದ್ದೇನೆ.

ಇತಿ ನಿಮ್ಮ ಓದುಗರಲ್ಲೊಬ್ಬಳು,
ನ್ಯೂ ಸೌತ್ ವೇಲ್ಸ್, ಆಸ್ಟ್ರೇಲಿಯಾ