ದೊಡ್ಡಜ್ಜನ ಟ್ರಂಕು ತೆಗೆಯುವ ಮೊದಲು

ಪ್ರೀತಿಯ ಪುಟ್ಟೀ,

ನಿನ್ನ ಮೆಸೇಜು ಓದಿದೆ. ಡಿಸೆಂಬರ್ 16ಕ್ಕೆ ಕಾಲೇಜಿನಲ್ಲಿ ವಿಜಯ ದಿವಸದ ಕಾರ್ಯಕ್ರಮ ಇದೆ, ದೊಡ್ಡಜ್ಜನ ಬಗ್ಗೆ ಐದು ನಿಮಿಷ ಮಾತಾಡಬೇಕು, ಎರಡು ಫೋಟೋ ಮತ್ತೆ ಸ್ವಲ್ಪ ಪಾಯಿಂಟ್ಸ್ ಕಳಿಸಿ ಅಜ್ಜ ಅಂತ ಬರೆದಿದ್ದೀಯ. ಅದರ ಕೆಳಗೆ ಇನ್ನೊಂದು ಸಾಲು. 'ನಾನು ಅವರನ್ನು ನೋಡಿಯೇ ಇಲ್ಲ, ಏನಂತ ನೆನೆಯಲಿ?' ಇದಕ್ಕೆ ಫೋನಿನಲ್ಲಿ ಉತ್ತರ ಹೇಳೋಕೆ ನನಗೆ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಫೋಟೋ ಕಳಿಸುತ್ತೇನೆ. ಪಾಯಿಂಟ್ಸ್ ಕಳಿಸುವುದಿಲ್ಲ.

1971ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಆದಾಗ ನನಗೆ ಹದಿಮೂರು ವರ್ಷ. ಅಣ್ಣನಿಗೆ, ಅಂದರೆ ನಿನ್ನ ದೊಡ್ಡಜ್ಜನಿಗೆ, ಇಪ್ಪತ್ತೆರಡು. ಅವನು ಬಂದೂಕು ಹಿಡಿದು ಮುಂದೆ ನುಗ್ಗುವ ಸಿಪಾಯಿ ಅಲ್ಲ, ಇಂಜಿನಿಯರ್ ತುಕಡಿಯವನು. ಸೇತುವೆ ಹಾಕುವುದು, ದಾರಿ ಮಾಡುವುದು, ನೆಲಬಾಂಬು ಹುಡುಕಿ ತೆಗೆಯುವುದು ಅವರ ಕೆಲಸ. ಶಕರ್‌ಗಢದ ಕಡೆ ಬಸಂತರ್ ನದಿಯ ಹತ್ತಿರ ಅವನಿದ್ದ. ಆ ಯುದ್ಧದ ಬಗ್ಗೆ ನೀನು ಓದಿದರೆ ಮೊದಲು ಸಿಗುವುದು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹೆಸರು. ಇಪ್ಪತ್ತೊಂದು ವರ್ಷದ ಹುಡುಗ, ಹೊತ್ತಿ ಉರಿಯುವ ಟ್ಯಾಂಕು ಬಿಟ್ಟು ಇಳಿಯಲಿಲ್ಲ, ಪರಮವೀರ ಚಕ್ರ ಬಂತು. ಅವರ ಹೆಸರು ಎಲ್ಲರಿಗೂ ಗೊತ್ತಿರಲೇಬೇಕು. ಆದರೆ ಆ ಟ್ಯಾಂಕುಗಳು ನದಿ ದಾಟಿ ಹೋಗಬೇಕಾದರೆ ಅದಕ್ಕೆ ಮೊದಲು ಯಾರೋ ಕತ್ತಲಲ್ಲಿ, ಫಿರಂಗಿ ಗುಂಡು ಬೀಳುತ್ತಿರುವಾಗ, ನೆಲ ಕೆದಕಿ ದಾರಿ ಮಾಡಿಕೊಡಬೇಕಿತ್ತು ಅಲ್ವಾ? ಆ ಕೆಲಸ ಮಾಡಿಸುತ್ತಿದ್ದ ಮೇಜರ್ ವಿಜಯ್ ರತನ್ ಚೌಧರಿ ಅಲ್ಲೇ ಪ್ರಾಣ ಬಿಟ್ಟರು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ದಾರಿ ಪೂರ್ತಿ ಆಗುವ ಮೊದಲೇ ಟ್ಯಾಂಕುಗಳು ಹೊರಡಬೇಕಾಯಿತು, ಅಷ್ಟು ಅವಸರ ಇತ್ತು ಆವತ್ತು. ನಮ್ಮಣ್ಣ ಹೋಗಿದ್ದು ಆ ದಾರಿಯಲ್ಲೇ.

16ರ ಸಂಜೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು ಅಂತ ರೇಡಿಯೋದಲ್ಲಿ ಬಂತು. ಊರಿನ ಅಂಗಡಿ ಮುಂದೆ ಸಕ್ಕರೆ ಹಂಚಿದರು. ನಾನೂ ಎರಡು ಸಲ ಕೈಯೊಡ್ಡಿ ತಿಂದೆ, ಮನೆಗೆ ಓಡಿ ಬಂದು ಅತ್ತಿಗೆಗೂ ಒಂದು ಚಿಟಿಕೆ ಕೊಟ್ಟೆ. ಅವರು ನಕ್ಕು, 'ಇನ್ನೇನು, ರಜೆ ಸಿಗುತ್ತೆ ಅವರಿಗೆ' ಅಂದರು. ತಂತಿ ಬಂದದ್ದು ಐದು ದಿನ ಬಿಟ್ಟು. ನಾವು ಸಕ್ಕರೆ ತಿನ್ನುವ ಹೊತ್ತಿಗೆ ಅಣ್ಣ ಇರಲಿಲ್ಲ. ಆ ರುಚಿ ಈಗಲೂ ನಾಲಿಗೆ ಮೇಲೆ ಇದೆ, ಅದನ್ನು ಯಾರಿಗೂ ಹೇಳಿಲ್ಲ, ಈಗ ನಿನಗೆ ಹೇಳುತ್ತಿದ್ದೇನೆ.

ದೇಹ ಬರಲಿಲ್ಲ. ಆಗ ಬರುತ್ತಿರಲಿಲ್ಲ ಪುಟ್ಟೀ. ಪೆಟ್ಟಿಗೆ ಮೇಲೆ ತ್ರಿವರ್ಣ ಧ್ವಜ ಹೊದೆಸಿ, ಊರಿಗೆ ಊರೇ ಸೇರಿ ಮೆರವಣಿಗೆ ಮಾಡುವುದನ್ನು ನೀವು ಟಿವಿಯಲ್ಲಿ ನೋಡುತ್ತೀರಲ್ಲ, ಅದೆಲ್ಲ ಶುರುವಾದದ್ದು 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ. ಅದಕ್ಕೆ ಮೊದಲು ಅಲ್ಲಲ್ಲೇ ಅಂತ್ಯಕ್ರಿಯೆ ಮುಗಿಸುತ್ತಿದ್ದರು, ಮನೆಗೆ ಸಾಮಾನು ಬರುತ್ತಿತ್ತು. ನಮಗೆ ಬಂದದ್ದು ಒಂದು ಕಪ್ಪು ಟ್ರಂಕು. ಅಮ್ಮ ಸಾಯುವ ತನಕ ಅಣ್ಣನ ತಿಥಿ ಮಾಡಲು ಒಪ್ಪಲಿಲ್ಲ. 'ನಾನು ನೋಡಿಲ್ಲ' ಅನ್ನುತ್ತಿದ್ದಳು, ಅಷ್ಟೇ. ನಾವು ಅವಳಿಗೆ ತಿಳಿಸಿ ಹೇಳಲು ಎಷ್ಟೋ ಸಲ ಹೋದೆವು, ಅದು ನಮ್ಮ ತಪ್ಪು. ಸುಮ್ನೆ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು.

ಈಗ ಇನ್ನೊಬ್ಬರ ಕಥೆ ಹೇಳುತ್ತೇನೆ, ಅದು ನಿನಗೆ ಬೇಕು. ಮಡಿಕೇರಿಯಲ್ಲಿ ಅಜ್ಜಮಾಡ ದೇವಯ್ಯ ವೃತ್ತ ಇದೆಯಲ್ಲ, ಅಲ್ಲಿ ಎಷ್ಟು ಸಲ ನಾವು ಓಡಾಡಿದ್ದೇವೆ. ಅವರು ಯಾರು ಅಂತ ನೀನು ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸ್ಕ್ವಾಡ್ರನ್ ಲೀಡರ್ ದೇವಯ್ಯ ನಮ್ಮ ಕೊಡಗಿನವರು, ವಾಯುಸೇನೆಯ ಪೈಲಟ್. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟಿಯರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ಇವರು ಆ ತಂಡದಲ್ಲಿ ಕಾದಿರಿಸಿದ ಪೈಲಟ್, ಯಾರಾದರೂ ಹೋಗದಿದ್ದರೆ ಮಾತ್ರ ಇವರ ಸರದಿ. ಒಂದು ವಿಮಾನ ಹಿಂದುಳಿಯಿತು, ಇವರು ಹೋದರು. ವಾಪಸ್ ಬರುವಾಗ ಎದುರಾದದ್ದು ಪಾಕಿಸ್ತಾನದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದ ವಿಮಾನ ಅದು, ಇವರ ಮಿಸ್ಟಿಯರ್ ಅದರ ಮುಂದೆ ಏನೇನೂ ಅಲ್ಲ. ಗುಂಡು ತಗುಲಿತು. ಇವನ ಕಥೆ ಮುಗಿಯಿತು ಅಂತ ಆ ಪೈಲಟ್ ಬೇರೆ ಕಡೆ ತಿರುಗಿದ. ದೇವಯ್ಯ ಏಟು ತಿಂದ ವಿಮಾನವನ್ನೇ ತಿರುಗಿಸಿಕೊಂಡು ಹಿಂದೆ ಬಂದು ಹೊಡೆದು ಅದನ್ನು ಕೆಡವಿದರು. ಅವನು ಪ್ಯಾರಾಚೂಟಿನಲ್ಲಿ ಹಾರಿ ಉಳಿದ. ಇವರು ಉಳಿಯಲಿಲ್ಲ. ಮೂವತ್ತೆರಡು ವರ್ಷ, ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

ಜೊತೆಗೆ ಹೋದವರು ಯಾರೂ ಇದನ್ನು ನೋಡಿರಲಿಲ್ಲ. ಹಾಗಾಗಿ ನಮ್ಮ ಕಡೆಯ ಕಾಗದದಲ್ಲಿ ಅವರು 'ಕಾಣೆಯಾದವರು'. ಆಮೇಲೆ ಒಬ್ಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯವರಿಂದ ಕೇಳಿ ತಿಳಿದು, 1979ರಲ್ಲಿ ಆ ವಾಯುಯುದ್ಧದ ಬಗ್ಗೆ ಪುಸ್ತಕ ತಂದ. ಸ್ಟಾರ್‌ಫೈಟರ್ ಬಿದ್ದದ್ದು ಹೇಗೆ ಅಂತ ನಮಗೆ ಗೊತ್ತಾದದ್ದು ಆಗ. ಅವತ್ತಿನ ದಾಳಿಯ ನಾಯಕ ತನೇಜಾ ಅವರು ಅದನ್ನು ಹಿಡಿದು ವಾಯುಸೇನೆಗೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು. ಇಪ್ಪತ್ತಮೂರು ವರ್ಷ! ಆ ಹೊತ್ತಿಗೆ ಅವರ ಮಕ್ಕಳೇ ದೊಡ್ಡವರಾಗಿದ್ದರು.

ಎರಡು ವಿಷಯ ನೋಡು ಇದರಲ್ಲಿ. ತನೇಜಾ ಅವರು ಓದಿ ಸುಮ್ಮನೆ ಪುಸ್ತಕ ಮುಚ್ಚಿಟ್ಟಿದ್ದರೆ ದೇವಯ್ಯ ಇವತ್ತಿಗೂ ಕಾಣೆಯಾದವರೇ. ಯಾರೋ ಒಬ್ಬರು ಕೇಳಬೇಕು, ಕಾಗದ ಹಾಕಬೇಕು, ಬಿಡದೆ ಹಿಂದೆ ಬೀಳಬೇಕು. ಇನ್ನೊಂದು, ಅವರ ಶೌರ್ಯಕ್ಕೆ ಸಾಕ್ಷಿ ಬಂದದ್ದು ಅವರು ಯಾರ ವಿರುದ್ಧ ಹೋರಾಡಿದರೋ ಆ ಕಡೆಯಿಂದಲೇ. ಹಾಗಾಗಿ ವೇದಿಕೆ ಮೇಲೆ ನಿಂತು ಆ ದೇಶವನ್ನು ಬಯ್ದು ಚಪ್ಪಾಳೆ ತೆಗೆದುಕೊಳ್ಳಬೇಡ. ಐದೇ ನಿಮಿಷ ಇದೆ ನಿನಗೆ, ಅಷ್ಟೂ ಅಣ್ಣನಿಗೆ ಕೊಡು.

'ವೀರ', 'ಅಮರ' ಇಂಥ ಮಾತು ಒಂದು ಸಲ ಹೇಳು, ಸಾಕು. ಅಣ್ಣನಿಗೆ ಹಲಸಿನ ಹಣ್ಣೆಂದರೆ ಪ್ರಾಣ ಅಂತ ಹೇಳು. ರಜೆಗೆ ಬಂದಾಗ ತೋಡು ದಾಟೋಕೆ ಅಡಕೆ ಮರದ ಸಂಕ ಹಾಕಿದ್ದ, ಮಿಲಿಟರಿ ಗಂಟು ಹಾಕಿ ಬಿಗಿದದ್ದು, ಅದು ಒಂಬತ್ತು ಮಳೆಗಾಲ ತಡೆಯಿತು ಅಂತ ಹೇಳು. ಮದುವೆಯಾಗಿ ಅವರಿಬ್ಬರೂ ಒಟ್ಟಿಗೆ ಇದ್ದದ್ದು ನಲವತ್ತು ದಿನ ಅಂತ ಹೇಳು. ಅದನ್ನು ಹೇಳಬಹುದಾ ಅಂತ ಮಾತ್ರ ಮೊದಲು ದೊಡ್ಡಜ್ಜಿಯನ್ನು ಕೇಳು.

ದೊಡ್ಡಜ್ಜಿಯನ್ನು ಮರೆತು ಅವನೊಬ್ಬನನ್ನೇ ನೆನೆಯುವುದು ನನಗೆ ಸರಿ ಕಾಣುವುದಿಲ್ಲ. ಪಿಂಚಣಿ ಕಾಗದಕ್ಕಾಗಿ ಆಕೆ ಒಂದು ಕಚೇರಿಗೆ ಎರಡು ವರ್ಷ ಅಲೆದರು. ನಾನು ಜೊತೆಗೆ ಹೋಗುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿ ತಿಂದು ಸಂಜೆ ಬಸ್ಸಿಗೆ ಬರುತ್ತಿದ್ದೆವು. ಒಂದು ದಿನವೂ ಅತ್ತಿಗೆ ಯಾರ ಮೇಲೂ ಕೂಗಾಡಲಿಲ್ಲ. ಈಗ ಎಪ್ಪತ್ತೈದು ದಾಟಿದೆ. ಮೊನ್ನೆ ನನ್ನನ್ನು ಅಣ್ಣನ ಹೆಸರು ಹಿಡಿದು ಕರೆದರು, ಆಮೇಲೆ ಸರಿ ಮಾಡಿಕೊಂಡರು. ಅದಕ್ಕೇ ನನಗೆ ಅವಸರ ಆಗಿರುವುದು. ಅಣ್ಣನ ಬಗ್ಗೆ ನನಗೆ ಗೊತ್ತಿರುವುದು ಒಬ್ಬ ಹದಿಮೂರು ವರ್ಷದ ಹುಡುಗನಿಗೆ ಗೊತ್ತಿದ್ದಷ್ಟೇ. ಉಳಿದದ್ದೆಲ್ಲ ಆಕೆಯ ಹತ್ತಿರ ಇದೆ.

ದೆಹಲಿಯಲ್ಲಿ 2019ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆದರಲ್ಲ, ಅಲ್ಲಿಗೆ ನಾನು ಹೋಗಿದ್ದೆ. ಇಂಡಿಯಾ ಗೇಟಿನ ಹತ್ತಿರವೇ ಇದೆ. ತ್ಯಾಗ ಚಕ್ರ ಅಂತ ಸುತ್ತು ಸುತ್ತಾಗಿ ಗೋಡೆ, ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನ ಇಟ್ಟಿಗೆ. 25 ಸಾವಿರಕ್ಕೂ ಜಾಸ್ತಿ ಹೆಸರು. ಹುಡುಕಿ ಹುಡುಕಿ ಅಣ್ಣನ ಹೆಸರಿನ ಮೇಲೆ ಕೈ ಇಟ್ಟೆ, ಬಿಸಿಲಿಗೆ ಕಲ್ಲು ಕಾದಿತ್ತು. ಅಲ್ಲಿಂದಲೇ ಅತ್ತಿಗೆಗೆ ಫೋನು ಮಾಡಿ 'ಇದೆ' ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು, 'ಇನಿಷಿಯಲ್ಲು ಸರಿಯಾಗಿ ಹಾಕಿದಾರಾ?'

ಶುಕ್ರವಾರ ರಾತ್ರಿ ಬಸ್ಸು ಹತ್ತು, ಶನಿವಾರ ಬೆಳಿಗ್ಗೆ ಇಲ್ಲಿರುತ್ತೀಯ. ಒಂದು ದಪ್ಪ ನೋಟ್‌ಬುಕ್ ತಾ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಅವರಿಗೆ ಹೇಳಿಯೇ ಮಾಡು. ಟ್ರಂಕಿನಲ್ಲಿ ಅಣ್ಣ ಬರೆದ ಕಾಗದಗಳಿವೆ, ಆಕೆ ತಾನಾಗಿ ಕೊಟ್ಟರೆ ಓದು, ಇಲ್ಲದಿದ್ದರೆ ಕೇಳಬೇಡ. ಬೀಗ ತುಕ್ಕು ಹಿಡಿದಿತ್ತು, ನಿನ್ನೆ ತೆಂಗಿನೆಣ್ಣೆ ಬಿಟ್ಟಿದ್ದೇನೆ. ಕೀಲಿ ಯಾವತ್ತಿನಂತೆ ದೊಡ್ಡಜ್ಜಿಯ ಸೆರಗಿನ ಗಂಟಿನಲ್ಲೇ ಇದೆ.

ನಿನ್ನ ಅಜ್ಜ