ಹಂಡೆ ಕೀಳಿಸುವ ಮೊದಲು

ಫ್ರೈಬುರ್ಗ್, ಜರ್ಮನಿ
16 ನವೆಂಬರ್ 2025

ತೀರ್ಥರೂಪರಾದ ಅಪ್ಪಯ್ಯನವರಿಗೆ ಮಗಳು ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಆಯಿಯ ಮಂಡಿನೋವು ಇಳಿದಿದೆಯೆಂದು ತಿಳಿದು ಸಮಾಧಾನವಾಯಿತು.

ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿ, ಬಚ್ಚಲಿನ ಹಂಡೆಯನ್ನೂ ಒಲೆಯನ್ನೂ ಕೀಳಿಸಿ, ಅಲ್ಲೊಂದು ಕರೆಂಟಿನ ಗೀಸರ್ ಕೂರಿಸುವ ಯೋಚನೆಯಿದೆಯೆಂದು ದೀಪಾವಳಿಯ ನಂತರದ ಕಾಗದದಲ್ಲಿ ಬರೆದಿದ್ದೀರಿ. ಬಿಸಿಲೇ ಇಲ್ಲದ ನಮ್ಮ ಫ್ರೈಬುರ್ಗಿನಲ್ಲಿ ಅದೇ ಸೋಲಾರ್ ಕರೆಂಟಿನಿಂದ ನೀರೂ ನೆಲವೂ ಕಾಯುವುದು ಹೇಗೆಂದೂ ಕೇಳಿದ್ದೀರಿ. ಫೋನಿನಲ್ಲಿ ಹೇಳಹೊರಟರೆ ಮಾತು ಅರ್ಧದಲ್ಲೇ ಅಡಿಕೆ ಧಾರಣೆಗೆ ತಿರುಗುತ್ತದೆ. ಅದಕ್ಕಾಗಿಯೇ ಈ ಕಾಗದ.

ಫ್ರೈಬುರ್ಗ್ ಬಿಸಿಲಿಲ್ಲದ ಊರೇನಲ್ಲ. ಜರ್ಮನಿಯ ಮಟ್ಟಿಗೆ ಬಿಸಿಲಿಗೆ ಹೆಸರಾದ ಊರೇ. ಹತ್ತಿರದ ವ್ಯೂಲ್ ಎಂಬ ಹಳ್ಳಿಯಲ್ಲಿ ಅಣುಸ್ಥಾವರ ಬೇಡವೆಂದು 1975ರಲ್ಲಿ ರೈತರೂ ದ್ರಾಕ್ಷಿ ಬೆಳೆಗಾರರೂ ಆ ಜಾಗದಲ್ಲೇ ಬೀಡುಬಿಟ್ಟು ಕುಳಿತಿದ್ದರು. ಅದಕ್ಕೆ ಬದಲೆಂಬಂತೆ, ಸೌರಶಕ್ತಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ 1981ರಲ್ಲಿ ಇಲ್ಲಿಯೇ ಆರಂಭವಾಯಿತು. ಹಾಗಿದ್ದರೂ 48 ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಡಿಸೆಂಬರಿನ ಸೂರ್ಯ ನಡುಮಧ್ಯಾಹ್ನವೂ ದಿಗಂತದಿಂದ 19 ಡಿಗ್ರಿಯಷ್ಟೇ ಮೇಲೇರುತ್ತಾನೆ. ನಮ್ಮ ಮಾಡಿನ ಮೇಲಿರುವ 22 ಪ್ಯಾನೆಲ್‌ಗಳು, ಅಂದರೆ 9 ಕಿಲೋವಾಟ್, ಜೂನ್ ತಿಂಗಳಿನಲ್ಲಿ ಸುಮಾರು 1,100 ಯೂನಿಟ್ ಕೊಟ್ಟರೆ ಡಿಸೆಂಬರಿನಲ್ಲಿ 250 ದಾಟುವುದೇ ಕಷ್ಟ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

2023ರಲ್ಲಿ ಪ್ಯಾನೆಲ್ ಹಾಕಿಸಿದಾಗ, ಕರೆಂಟಿನ ಜಾಲವಾದ ಗ್ರಿಡ್ಡಿಗೆ ಕೊಡುವ ಪ್ರತಿ ಯೂನಿಟ್ಟಿಗೆ 8.2 ಸೆಂಟ್, ಅಂದರೆ ಏಳೆಂಟು ರೂಪಾಯಿ, ಇಪ್ಪತ್ತು ವರ್ಷಗಳ ಕಾಲ ಸಿಗುವಂತೆ ದರ ನಿಗದಿಯಾಯಿತು. ನಾವು ಕೊಳ್ಳುವ ಕರೆಂಟಿಗಾದರೋ ಸುಮಾರು 35 ಸೆಂಟ್. 2025ರ ಫೆಬ್ರವರಿ 25ರಿಂದ ಹೊಸದಾಗಿ ಪ್ಯಾನೆಲ್ ಹಾಕಿಸಿದವರಿಗೆ, ಮಾರುಕಟ್ಟೆಯಲ್ಲಿ ಕರೆಂಟಿನ ಬೆಲೆ ಸೊನ್ನೆಗಿಂತ ಕೆಳಗಿಳಿದ ಹೊತ್ತಿನಲ್ಲಿ ಆ ಹಣವೂ ಇಲ್ಲ. ಮೇ ತಿಂಗಳಿನ ಭಾನುವಾರ ಮಧ್ಯಾಹ್ನ ಕಾರ್ಖಾನೆಗಳು ಮುಚ್ಚಿದ್ದು, ದೇಶದ ಮಾಡುಗಳೆಲ್ಲ ಒಟ್ಟಿಗೆ ಕರೆಂಟ್ ಸುರಿಸುವಾಗ ಬೆಲೆ ಹಾಗೆಯೇ ಇಳಿಯುತ್ತದೆ. ಹೀಗಾಗಿ ಉಳಿದ ಕರೆಂಟನ್ನು ಮನೆಯೊಳಗೇ ಯಾವುದಾದರೂ ರೂಪದಲ್ಲಿ ಕೂಡಿಡುವುದು ಜಾಣತನ, ಮತ್ತು ಕೂಡಿಡಲು ಎಲ್ಲಕ್ಕಿಂತ ಅಗ್ಗದ ಪಾತ್ರೆ ಬ್ಯಾಟರಿಯಲ್ಲ, ನೀರಿನ ಟ್ಯಾಂಕ್. ನಮ್ಮ 300 ಲೀಟರ್ ಟ್ಯಾಂಕಿನ ನೀರನ್ನು 45 ಡಿಗ್ರಿಯಿಂದ 60ಕ್ಕೆ ಏರಿಸಿದರೆ ಅದರಲ್ಲಿ ಐದು ಯೂನಿಟ್ಟಿಗೂ ಹೆಚ್ಚು ಶಾಖ ಕುಳಿತಿರುತ್ತದೆ.

ಬಕೆಟ್ಟಿನಲ್ಲಿ ಇಳಿಬಿಡುವ ಹೀಟರ್ ರಾಡ್ ನಿಮಗೆ ಗೊತ್ತಿರುವುದೇ. ಅಂಥದ್ದೇ 3 ಕಿಲೋವಾಟಿನ ರಾಡ್ ಒಂದನ್ನು ಮೊದಲ ವರ್ಷ ಟ್ಯಾಂಕಿಗೆ ಹಾಕಿಸಿದೆವು. ಅದನ್ನು ಬರಿಯ ಸ್ವಿಚ್ಚಿನಿಂದ ನಡೆಸಲಾಗದು. ಮನೆಯ ಖರ್ಚು ಕಳೆದು 1.8 ಕಿಲೋವಾಟ್ ಮಾತ್ರ ಉಳಿದಿರುವಾಗ ರಾಡ್ ಹೊತ್ತಿಸಿದರೆ, ಮಿಕ್ಕ 1.2 ಕಿಲೋವಾಟನ್ನು 35 ಸೆಂಟಿನ ದರದಲ್ಲಿ ಕೊಂಡು ನೀರು ಕಾಯಿಸಿದಂತಾಗುತ್ತದೆ. ಆದ್ದರಿಂದ ಮೀಟರಿನ ಬಳಿ ತಂತಿಗಳ ಸುತ್ತ ಅಳತೆಯ ಬಳೆಗಳನ್ನು ಹಾಕಿ, ಕರೆಂಟ್ ಹೊರಗೆ ಹರಿಯತೊಡಗಿದ ಕೂಡಲೇ ಹರಿಯುವಷ್ಟನ್ನೇ ರಾಡಿಗೆ ತಿರುಗಿಸಿ, ಮೋಡ ಬಂದರೆ ಕೆಲವೇ ಸೆಕೆಂಡುಗಳಲ್ಲಿ ತಗ್ಗಿಸುವ ಡೈವರ್ಟರ್ ಎಂಬ ಪೆಟ್ಟಿಗೆಯನ್ನೂ ಕೂರಿಸಿದೆವು. ತೋಟದ ಕಾಲುವೆಗೆ ನೀರು ಬಂದಷ್ಟೇ ಹಲಗೆ ಎತ್ತುತ್ತ ನೀವು ನಿಲ್ಲುತ್ತಿದ್ದಿರಲ್ಲ, ಆ ಕೆಲಸ ಅದರದು. ಬೇಸಿಗೆಯಲ್ಲಿ ಟ್ಯಾಂಕ್ ಕುದಿಯುವ ಹತ್ತಿರಕ್ಕೆ ಹೋಗುವುದರಿಂದ, ಮಕ್ಕಳ ಕೈ ಸುಡದಂತೆ ತಣ್ಣೀರು ಬೆರೆಸಿ ನಲ್ಲಿಗೆ ಬಿಡುವ ವಾಲ್ವ್ ಕೂಡ ಬೇಕೇ ಬೇಕು.

ಹಣದ ಮಾತಿನಲ್ಲಿ ನಿಮ್ಮ ಬಳಿ ಬಚ್ಚಿಡುವುದೇನಿದೆ? ಆಗ ನಮ್ಮಲ್ಲಿದ್ದದ್ದು ಗ್ಯಾಸ್ ಬಾಯ್ಲರ್, ಗ್ಯಾಸಿಗೆ ಯೂನಿಟ್ಟಿಗೆ ಸುಮಾರು 11 ಸೆಂಟ್. 8.2 ಸೆಂಟಿಗೆ ಮಾರಬಹುದಾಗಿದ್ದ ಕರೆಂಟನ್ನು ಬಳಸಿ 11 ಸೆಂಟಿನ ಗ್ಯಾಸ್ ಉಳಿಸಿದರೆ ಸಿಗುವ ಲಾಭ ಮೂರು ಸೆಂಟಿಗಿಂತ ಕಡಿಮೆ. ಇವರು ವರ್ಷವಿಡೀ ಪುಸ್ತಕದಲ್ಲಿ ಬರೆದಿಟ್ಟು ಕೊನೆಗೆ ಕೂಡಿದಾಗ ಐವತ್ತು ಯೂರೋ ಕೂಡ ಆಗಿರಲಿಲ್ಲ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬಾಯ್ಲರ್ ಆರಿಸಿಡಬಹುದಾಯಿತು ಎಂಬುದೇ ನನಗೆ ಸಂತೋಷ ತಂದದ್ದು.

ಲೆಕ್ಕ ನಿಜವಾಗಿ ತಿರುಗಿದ್ದು 2024ರ ಶರತ್ಕಾಲದಲ್ಲಿ, ಇಪ್ಪತ್ತೆರಡು ವರ್ಷದ ಆ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸಿದ ಮೇಲೆ. ಫ್ರಿಜ್ ಒಳಗಿನ ಶಾಖವನ್ನು ಹೊರಗೆ ತಳ್ಳುವಂತೆ ಇದು ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ರಾಡ್ ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಶಾಖ ಕೊಟ್ಟರೆ ಇದು ಮೂರು ನಾಲ್ಕು ಕೊಡುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಪಂಪಿಗೆ ಶ್ರಮ ಕಡಿಮೆ. ಬಿಸಿಲು ಇರುವ ಮಧ್ಯಾಹ್ನವೇ ಗಾಳಿಯೂ ಬೆಚ್ಚಗಿರುವುದರಿಂದ ಎರಡೂ ಕೂಡಿಬರುತ್ತವೆ. ಖರ್ಚಿನ ಅರ್ಧಕ್ಕಿಂತ ತುಸು ಹೆಚ್ಚನ್ನು ಸರ್ಕಾರದ ಸಹಾಯಧನ ತುಂಬಿತು, ಇಲ್ಲವಾದರೆ ನಮ್ಮ ಕೈಗೆ ಎಟುಕುತ್ತಿರಲಿಲ್ಲ.

ಇನ್ನು ನೆಲದ ವಿಷಯ. ಮರದ ಹಲಗೆಯ ಕೆಳಗೆ ಆರೂವರೆ ಸೆಂಟಿಮೀಟರ್ ದಪ್ಪದ ಸಿಮೆಂಟ್ ಗಾರೆಯಿದೆ; ಅದರೊಳಗೆ ಪ್ಲಾಸ್ಟಿಕ್ ಕೊಳವೆಗಳನ್ನು ರಂಗೋಲಿಯ ಎಳೆಯಂತೆ ಸುತ್ತು ಸುತ್ತಾಗಿ ಹಾಸಿ, 30ರಿಂದ 35 ಡಿಗ್ರಿಯ ಉಗುರುಬೆಚ್ಚಗಿನ ನೀರನ್ನು ಹರಿಸುತ್ತಾರೆ. ಅಷ್ಟು ಸಾಲುವುದರಿಂದಲೇ ಹೀಟ್ ಪಂಪಿಗೂ ಈ ನೆಲಕ್ಕೂ ಚೆನ್ನಾಗಿ ಹೊಂದುತ್ತದೆ. ನಮ್ಮ 110 ಚದರ ಮೀಟರ್ ನೆಲದಲ್ಲಿ ಹದಿನಾಲ್ಕು ಟನ್ ಗಾರೆಯಿದ್ದು, ಅದರ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4 ಯೂನಿಟ್ ಶಾಖ ಬೇಕು. ಎರಡು ಡಿಗ್ರಿ ಏರಿಸಿದರೆ ಎಂಟು ಯೂನಿಟ್, ಪಂಪ್ ಅದಕ್ಕೆ ಖರ್ಚು ಮಾಡುವ ಕರೆಂಟ್ ಎರಡು ಎರಡೂವರೆ ಯೂನಿಟ್. ಇದನ್ನು ಕಂಡು ನನಗೆ ದುರಾಸೆ ಹುಟ್ಟಿತು. ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ, ಕರೆಂಟ್ ಉಳಿದಾಗಲೆಲ್ಲ ನೆಲದ ನೀರನ್ನು 38 ಡಿಗ್ರಿಗೆ ಏರಿಸುವಂತೆ ಹೊಂದಿಸಿಬಿಟ್ಟೆ.

ಮಧ್ಯಾಹ್ನ ಏನೂ ಆಗಲಿಲ್ಲ. ನೆಲ ಸಾವಧಾನದ ಪ್ರಾಣಿ. ಒಂದು ಗಂಟೆಗೆ ಕೊಟ್ಟ ಶಾಖವನ್ನು ಅದು ಸಂಜೆ ಕತ್ತಲಾಗುವ ಹೊತ್ತಿಗೆ ಬಿಡತೊಡಗಿತು. ದಕ್ಷಿಣದ ಕಿಟಕಿಗಳಿಂದ ಬಂದ ಬಿಸಿಲು ಆ ಕೋಣೆಗಳನ್ನು ಆಗಲೇ ಕಾಯಿಸಿತ್ತು. ಎಂಟು ಗಂಟೆಗೆ ಒಳಗೆ 25 ಡಿಗ್ರಿ ದಾಟಿ, ಮಕ್ಕಳು ಹೊದಿಕೆ ಒದ್ದೆಸೆದು, ಹೊರಗೆ ಮೂರು ಡಿಗ್ರಿ ಚಳಿಯಿರುವಾಗ ಇವರು ಒಂದು ಮಾತನ್ನೂ ಆಡದೆ ಕಿಟಕಿಗಳನ್ನು ತೆರೆದಿಟ್ಟರು. ಟ್ಯಾಂಕಿಗೆ ಮುಚ್ಚಳವಿದೆ, ಬೇಕಾದಾಗ ನಲ್ಲಿ ತಿರುಗಿಸಿದರಾಯಿತು, ನೆಲಕ್ಕೆ ನಲ್ಲಿಯಿಲ್ಲ. ಈಗ ಮೊದಲು ಟ್ಯಾಂಕ್ ಪೂರ್ತಿ ಬಿಸಿಯಾಗಬೇಕು, ಆಮೇಲೆ ಉತ್ತರದ ಕೋಣೆಗಳ ನೆಲಕ್ಕೆ ಮಾತ್ರ, ಅದೂ ಒಂದೂವರೆ ಡಿಗ್ರಿಯಷ್ಟು, ಎಂದು ಇಟ್ಟಿದ್ದೇವೆ. ಮಾರ್ಚ್, ಏಪ್ರಿಲ್, ಅಕ್ಟೋಬರ್ ತಿಂಗಳುಗಳಲ್ಲಿ ಹೀಗೆ ಇಡೀ ರಾತ್ರಿ ಪಂಪ್ ನಡೆಸದೆ ಕಳೆಯುವ ದಿನಗಳು ಎಷ್ಟೋ ಇವೆ.

ಡಿಸೆಂಬರ್, ಜನವರಿಯಲ್ಲಿ ಮಾತ್ರ ಈ ಜಾಣತನವೆಲ್ಲ ನಡೆಯುವುದಿಲ್ಲ. ನೆಲ ಹೆಚ್ಚು ಬೇಡುವ ತಿಂಗಳಿನಲ್ಲಿ ಮಾಡು ಕಡಿಮೆ ಕೊಡುತ್ತದೆ, ಉಳಿಯುವ ಕರೆಂಟೇ ಇರುವುದಿಲ್ಲ. ಜೂನಿನ ಶಾಖವನ್ನು ಡಿಸೆಂಬರಿನವರೆಗೆ ಹಿಡಿದಿಡಲು ನಮ್ಮ ಟ್ಯಾಂಕಿಗಾಗಲಿ ಗಾರೆಗಾಗಲಿ ಸಾಧ್ಯವಿಲ್ಲ. ಆಗ ಎಲ್ಲರಂತೆ ನಾವೂ ಕರೆಂಟ್ ಕೊಳ್ಳುತ್ತೇವೆ.

ನಿಮ್ಮ ಹಂಡೆಯ ವಿಷಯವನ್ನು ನಾನು ನೋಡುತ್ತಿರುವುದು ಇಲ್ಲಿಂದಲೇ. ಮಲೆನಾಡಿನ ನಿಮ್ಮ ಸಾಗರದಲ್ಲಿ ಸೂರ್ಯ ಕೈಕೊಡುವುದು ಆಷಾಢ, ಶ್ರಾವಣದಲ್ಲಿ. ಮಳೆಯಲ್ಲಿ ನೆನೆದು ಬಂದವರಿಗೆ ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ. ಮೇಲಾಗಿ, ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಸೋಲಾರ್ ಯಂತ್ರ, ಲೈನಿನಲ್ಲಿ ಕೆಲಸ ಮಾಡುವವರ ಜೀವಕ್ಕೆ ಅಪಾಯವಾಗಬಾರದೆಂದು, ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಲೈನ್ ಇಲ್ಲದಿದ್ದರೆ ಪ್ಯಾನೆಲ್ ಇದ್ದೂ ಗೀಸರ್ ತಣ್ಣಗಿರುತ್ತದೆ. ಬೇಸಿಗೆಯಲ್ಲಿ ಒಣಗಿಸಿ ಹಂಡೆಯ ಒಲೆಗೆಂದು ಕೊಟ್ಟಿಗೆಯ ಅಟ್ಟದಲ್ಲಿ ಕೂಡಿಟ್ಟ ಅಡಿಕೆ ಸಿಪ್ಪೆ ಆರು ತಿಂಗಳ ಹಿಂದಿನ ಬಿಸಿಲೇ ಅಲ್ಲವೇ? ಅಂಥ ಉಗ್ರಾಣ ಇಲ್ಲಿ ನಮಗಿಲ್ಲ.

ಪ್ಯಾನೆಲ್ ಬೇಡವೆನ್ನುತ್ತಿಲ್ಲ. ಕೇಂದ್ರ ಸರ್ಕಾರದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ, ನೆಟ್ ಮೀಟರಿನಲ್ಲಿ ಉಳಿದ ಯೂನಿಟ್ ಬಿಲ್ಲಿನಲ್ಲೇ ವಜಾ ಆಗುತ್ತದೆ, ಆದ್ದರಿಂದ ಡೈವರ್ಟರಿನಂಥ ಪೆಟ್ಟಿಗೆ ನಿಮಗೆ ಅನಗತ್ಯ. ಗೃಹಜ್ಯೋತಿಯಿಂದ ಈಗ ಬರುವ ಬಿಲ್ಲೆಷ್ಟು ಎಂಬುದನ್ನು ಮೊದಲು ನೋಡಿಕೊಳ್ಳಿ. ಬರಿಯ ಸ್ನಾನದ ನೀರಿಗಾದರೆ ನೇರವಾಗಿ ನೀರು ಕಾಯಿಸುವ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಸಾಕು. ಪ್ಯಾನೆಲ್ ಬಿಸಿಲಿನ ಐದನೆಯ ಒಂದು ಪಾಲನ್ನಷ್ಟೇ ಕರೆಂಟ್ ಮಾಡಿದರೆ ಅದು ಅರ್ಧದಷ್ಟನ್ನಾದರೂ ನೀರಿಗೆ ಇಳಿಸುತ್ತದೆ, ಜಾಗ ನಾಲ್ಕು ಚದರ ಮೀಟರ್ ಸಾಕು.

ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಮಾಡಿನ ಯಾವ ಭಾಗಕ್ಕೆ ತೆಂಗಿನ ನೆರಳು ಬೀಳುತ್ತದೆಯೆಂದು ನೋಡಿ ಬರೆಯಿರಿ. ತಾಮ್ರದ ಹಂಡೆಗೆ ಬೆಲೆ ಕಟ್ಟಲು ಬಂದವರಿಗೆ, ಏಪ್ರಿಲ್‌ನಲ್ಲಿ ಮಗಳು ಬಂದು ಮಿಂದ ಮೇಲೆ ನೋಡೋಣವೆಂದು ಹೇಳಿ ಕಳುಹಿಸಿ. ಆಯಿಗೆ ನನ್ನ ನಮಸ್ಕಾರಗಳು.

ಇಂತಿ ನಿಮ್ಮ ಪ್ರೀತಿಯ ಮಗಳು