ಐಲೆಟ್ ಕಸಿಗೆ ಒಂದು ವರ್ಷ: ಎಲ್ಲರಿಗೂ ಥ್ಯಾಂಕ್ಸ್

ಬೇರೊಬ್ಬರ ಐಲೆಟ್ ಕೋಶಗಳು, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ಮಾಡುವ ಕೋಶಗಳ ಪುಟ್ಟ ಗುಂಪುಗಳು, ನನ್ನ ಲಿವರ್ ಸೇರಿ ಒಂದು ವರ್ಷವಾಯಿತು. ಅವು ಇನ್ನೂ ಇನ್ಸುಲಿನ್ ಕೊಡುತ್ತಿವೆ. ಇಂಜೆಕ್ಷನ್ ಪೂರ್ತಿ ನಿಂತಿಲ್ಲ. ಆದರೆ ಯಾವ ಸುಳಿವೂ ಇಲ್ಲದೆ ಶುಗರ್ ಕುಸಿದು ಪ್ರಜ್ಞೆ ತಪ್ಪುತ್ತಿತ್ತಲ್ಲ, ಅದು ನಿಂತಿದೆ. ಟೈಪ್ 1 ಡಯಾಬಿಟಿಸ್ ಇರುವವರಿಗೆ ಇದೇನು ಕಡಿಮೆ ಮಾತಲ್ಲ.

ಮೊದಲ ನಮಸ್ಕಾರ ದಾನಿಯ ಮನೆಯವರಿಗೆ. ನೀವು ಯಾರೋ ನನಗೆ ಗೊತ್ತಿಲ್ಲ. ಸಾವಿನ ಮನೆಯಲ್ಲಿ ಕೂತು ‘ಆಗಲಿ’ ಅಂದಿರಲ್ಲ, ಅದಕ್ಕೆ ಏನು ಬರೆದರೂ ಸಾಲದು.

ಆಮೇಲೆ ಲ್ಯಾಬಿನವರು. ಪ್ಯಾಂಕ್ರಿಯಾಸ್‌ನಲ್ಲಿ ಐಲೆಟ್‌ಗಳ ಪಾಲು ನೂರಕ್ಕೆ ಒಂದೆರಡು ಮಾತ್ರ. ಅವನ್ನು ಕೆಡದಂತೆ ಬಿಡಿಸಿ ತೆಗೆಯಬೇಕು. ಕೊನೆಗೆ ಬಂದದ್ದು ಒಂದು ಚೀಲ ದ್ರವ, ಅದರಲ್ಲಿ ನುಣ್ಣನೆ ಮರಳಿನಂಥ ಪುಡಿ. ಅದು ಲಿವರ್‌ಗೆ ಹೋಗುವ ರಕ್ತನಾಳಕ್ಕೆ ಇಳಿಯುವಾಗ ನಾನು ಎಚ್ಚರವಾಗಿಯೇ ಇದ್ದೆ. ಕೋಶಗಳು ತಳದಲ್ಲಿ ಕೂರಬಾರದು ಅಂತ ಸಿಸ್ಟರ್ ಚೀಲವನ್ನು ಮೆಲ್ಲಗೆ ಅಲ್ಲಾಡಿಸುತ್ತಲೇ ಇದ್ದರು. ಕೈ ಸೋತಿರಬೇಕು, ಹೇಳಲಿಲ್ಲ.

ಕೋಶ ಹಾಕುವುದಕ್ಕಿಂತ ಅವನ್ನು ಉಳಿಸಿಕೊಳ್ಳುವುದೇ ಕಷ್ಟ. ನನ್ನ ದೇಹಕ್ಕೆ ಅವುಗಳ ಮೇಲೆ ಎರಡು ಬಗೆಯ ಹಗೆ. ಇನ್ಸುಲಿನ್ ಮಾಡುವ ಕೋಶ ಎಂಬ ಹಳೇ ಹಗೆ (ಟೈಪ್ 1 ಬಂದದ್ದೇ ಇದರಿಂದ), ಹೊರಗಿನವು ಎಂಬ ಹೊಸ ಹಗೆ. ಅದಕ್ಕೇ ಹೊತ್ತುಹೊತ್ತಿಗೆ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್ ಮಾತ್ರೆ. ಅದರಿಂದ ಕೈ ನಡುಗುತ್ತದೆ, ಕಿಡ್ನಿ ಮೇಲೂ ಕಣ್ಣಿಟ್ಟಿರಬೇಕು. ತಮಾಷೆ ಅಂದರೆ ಕಾಪಾಡುವ ಈ ಔಷಧ ಜಾಸ್ತಿಯಾದರೆ ಐಲೆಟ್‌ಗಳಿಗೇ ಕೆಡುಕು! ಪ್ರತಿ ರಿಪೋರ್ಟ್ ನೋಡಿ ಡೋಸ್ ಹೊಂದಿಸಿದ ಡಾಕ್ಟರಿಗೆ, ನೆಗಡಿ ಬಂದರೆ ‘ಈ ವಾರ ಬರಲ್ಲ ಕಣೋ’ ಅಂತ ತಾವಾಗಿಯೇ ತಿಳಿಸುವ ಸ್ನೇಹಿತರಿಗೆ ನಾನು ಋಣಿ. ನನ್ನ ಹೆಂಡತಿಗಂತೂ ‘ಮಾತ್ರೆ ಆಯ್ತಾ?’ ಅನ್ನುವುದು ಉಸಿರಾಟದಷ್ಟೇ ಸಹಜವಾಗಿಬಿಟ್ಟಿದೆ. ರೇಗಿದ ದಿನಗಳೂ ಇವೆ, ಸಹಿಸಿಕೊಂಡಿದ್ದಾಳೆ.

ಮುಖವೇ ನೋಡದ ಇನ್ನೂ ಕೆಲವರಿದ್ದಾರೆ. ಕೆನಡಾದ ಎಡ್ಮಂಟನ್‌ನಲ್ಲಿ ಸ್ಟಿರಾಯ್ಡ್ ಇಲ್ಲದ ಔಷಧಗಳ ಜೊತೆ ಐಲೆಟ್ ಹಾಕಿಸಿಕೊಂಡ 7 ಜನರ ವರದಿ ಬಂದದ್ದು 2000ದಲ್ಲಿ. ಅವರು ಧೈರ್ಯ ಮಾಡಿದ್ದಕ್ಕೇ ದಾರಿ ತೆರೆಯಿತು. 2025ರಲ್ಲಿ ಸ್ವೀಡನ್‌ನಿಂದ ಇನ್ನೊಂದು ಸುದ್ದಿ ಬಂತು. ಒಬ್ಬರ ಮುಂದೋಳಿನ ಸ್ನಾಯುವಿಗೆ ಜೀನ್ ತಿದ್ದಿದ ದಾನಿ ಕೋಶಗಳನ್ನು ಹಾಕಿದ್ದರು. ಹೊರಗಿನವು ಎಂದು ತೋರಿಸುವ ಗುರುತುಗಳನ್ನು ತೆಗೆದು, ರೋಗನಿರೋಧಕ ಕೋಶಗಳಿಗೆ ‘ತಿನ್ನಬೇಡ’ ಎಂದು ಹೇಳುವ ಸಿಡಿ47 ಎಂಬ ಪ್ರೋಟೀನನ್ನು ಹೆಚ್ಚಿಸಿದ್ದರು. ಒಂದೂ ಮಾತ್ರೆಯಿಲ್ಲದೆ ಆ ಕೋಶಗಳು ಉಳಿದು ಇನ್ಸುಲಿನ್ ಮಾಡಿದವು. ಹಾಕಿದ್ದು ತೀರಾ ಸ್ವಲ್ಪವಾದ್ದರಿಂದ ಅವರ ಇಂಜೆಕ್ಷನ್ ತಪ್ಪಲಿಲ್ಲ. ತಮಗೆ ಅಷ್ಟೇನೂ ಲಾಭವಾಗದಿದ್ದರೂ ತೋಳು ಚಾಚಿದ ಆ ವ್ಯಕ್ತಿಗೆ, ಮುಂದೆ ಮಾತ್ರೆಯಿಲ್ಲದೆ ಐಲೆಟ್ ಪಡೆಯಬಹುದಾದವರ ಪರವಾಗಿ ಈಗಲೇ ಥ್ಯಾಂಕ್ಸ್.